ಬೀಗದ ಕೈ

ನಮ್ಮೂರ ಹೆಸರು ವೂಚ್. ಅಂದರೆ ದೋಣಿ.
ಹೊಳೆಗಳನ್ನೆಲ್ಲ ಕೊಳವೆಗೆ ತುರುಕಿ ರಸ್ತೆಯಡಿ ಹೂತರು,
ದೋಣಿಯೊಂದು ಮೇಲೆ ಉಳಿಯಿತು.
ಹಳೇ ಹತ್ತಿ ಗಿರಣಿಯ ಮೂರನೆಯ ಮಹಡಿಯಲ್ಲಿ
ಒಂಬತ್ತು ಜನ ಕೂತು ವಿಡಿಯೋ ಗೇಮ್ ಕಟ್ಟುತ್ತೇವೆ.
ಸದ್ದು ನನ್ನ ಪಾಲು.
ಅಕ್ಕಿ ಸುರಿದರೆ ಮಳೆ,
ಸೆಲೆರಿ ದಂಟು ಮುರಿದರೆ ಮೂಳೆ.

ನವೆಂಬರಿನಲ್ಲಿ ಬೊಗ್ನಾ ಒಂದು ಕನಸು ತಂದಳು
ಟ್ರಾಮ್ ಟಿಕೆಟಿನ ಬೆನ್ನಿಗೆ ಗೀಚಿಕೊಂಡು.
ಮುಖ ತೊಳೆಯುವ ಮೊದಲೇ ಬರೆದದ್ದಂತೆ,
ನೀರು ತಾಗಿದರೆ ಕರಗುವ ಜಾತಿಯದಂತೆ.

ಮೆಟ್ಟಿಲು. ಬರೀ ಮೆಟ್ಟಿಲು.
ಎದೆಯೆತ್ತರದ ತನಕ ಹಸಿರು ಎಣ್ಣೆಬಣ್ಣ, ಆಮೇಲೆ ಸುಣ್ಣ.
ಅಪ್ಪ ಒಂದು ಮಹಡಿ ಮೇಲೆ.
ಯಾವಾಗಲೂ ಒಂದೇ ಮಹಡಿ ಮೇಲೆ.
ಕಾಣುವುದಿಲ್ಲ; ಸೊಂಟದ ಬೀಗದ ಕೈಗೊಂಚಲು ಮಾತ್ರ
ಝಣ್ ಝಣ್ ಹತ್ತುತ್ತದೆ.
ಇವಳು ಓಡಿದರೆ ಅವನೂ ಓಡುತ್ತಾನೆ,
ನಿಂತರೆ ನಿಲ್ಲುತ್ತಾನೆ.

ಝೆನೊನ್ ಅಂತ, ಲಿಫ್ಟ್ ರಿಪೇರಿಯವನು.
ಸಾಯುವವರೆಗೂ ಲಿಫ್ಟು ಹತ್ತಲಿಲ್ಲ,
ಒಳಗೇನಿದೆಯೆಂದು ಅವನಿಗಲ್ಲವೇ ಗೊತ್ತಿದ್ದದ್ದು.

ಕಟ್ಟತೊಡಗಿದೆವು.
ಕನಸಿನ ಗೋಡೆಗೆ ಒರಗಿದರೆ ಒಳಕ್ಕೆಳೆದುಕೊಳ್ಳುತ್ತದೆ,
ಆಟದ ಗೋಡೆಗೆ ತಡೆಯುವುದನ್ನು ಕಲಿಸಬೇಕು.
ಮೆಟ್ಟಿಲು ಎಷ್ಟೆತ್ತರ? ಕೇಳಿದ ವೀತೆಕ್.
ಕಾಲಿಗೆ ಗೊತ್ತಿತ್ತು, ಅಂದಳು.
ಹದಿನೇಳು ಸೆಂಟಿಮೀಟರ್ ಇಟ್ಟ.
ಬೆಳಕು ಎಲ್ಲಿಂದ?
ಎಲ್ಲಿಂದಲೂ ಅಲ್ಲ.
ಎಲ್ಲಿಂದಲೂ ಅಲ್ಲದ ಬೆಳಕಿಗೆ ಮೂರು ವಾರ ಹಿಡಿಯಿತು.

ಟ್ರಾಮುಗಳು ಮಲಗಿದ ಮೇಲೆ ಮೈಕಿನೆದುರು
ನನ್ನದೇ ಗೊಂಚಲು ಅಲ್ಲಾಡಿಸಿದೆ:
ಸೈಕಲ್ಲಿನದು, ನೆಲಮಾಳಿಗೆಯದು,
ಬಿಟ್ಟುಬಂದ ಮನೆಯದೊಂದು,
ಹಿಂದಿರುಗಿಸಬೇಕಿತ್ತು, ಹಿಂದಿರುಗಿಸಲಿಲ್ಲ.
ಇನ್ನೂ ತೂಕ ಬೇಕು ಅಂದಳು. ಎರಡು ಬೋಲ್ಟು ಪೋಣಿಸಿದೆ.
ಇಷ್ಟಲ್ಲ, ದಣಿದಿರಬೇಕು ಅಂದಳು.
ನಾಲ್ಕು ಮಹಡಿ ಹತ್ತಿ ಬಂದು ಅಲ್ಲಾಡಿಸಿದೆ.
ಹನ್ನೊಂದನೆಯ ಸಲ ಅವಳು ಏನೂ ಅನ್ನಲಿಲ್ಲ,
ಕುರ್ಚಿ ತಿರುಗಿಸಿ ಕಿಟಕಿಯತ್ತ ಕೂತಳು.
ಸರಿಹೋಯಿತು ಅಂದುಕೊಂಡೆ.

ಆಡಿ ನೋಡಲು ಬಂದವಳು ಯಾಗೋದಾ,
ಹದಿನಾರರ ಹುಡುಗಿ, ಜೇಬಿನ ತುಂಬ ಸೂರ್ಯಕಾಂತಿ ಬೀಜ.
ನಲವತ್ತು ನಿಮಿಷ ಹತ್ತಿದಳು. ಬರೆದಳು:
ಮೇಲಿರುವವನು ಸಿಗುವುದಿಲ್ಲ. ಇದು ದೋಷವೇ?
ಬೊಗ್ನಾ ಕೆಳಗೆ ಬರೆದಳು: ಅಲ್ಲ.

ಫೆಬ್ರುವರಿಯ ಒಂದು ಬೆಳಗು,
ಕೋಟು ಕೂಡ ಬಿಚ್ಚದೆ ನನ್ನ ಮೇಜಿನ ಬಳಿ ನಿಂತಳು.
ಮತ್ತೆ ಬಿತ್ತು, ಅದೇ ಕನಸು.
ಗೋಡೆ ಈಗ ವೀತೆಕನ ಹಸಿರು.
ಮೆಟ್ಟಿಲು ಹದಿನೇಳೇ ಸೆಂಟಿಮೀಟರ್, ಕಾಲು ಎಡವಲೇ ಇಲ್ಲ.
ನಾವಿನ್ನೂ ಬಣ್ಣ ಹಚ್ಚದ ಬಾಗಿಲು
ಅಲ್ಲೂ ಬೂದಿಯಾಗಿ ನಿಂತಿತ್ತು.
ಮೇಲಿನಿಂದ ಕೇಳಿದ್ದು
ನಿನ್ನ ಸೈಕಲ್ಲಿನ ಬೀಗದ ಕೈ.

ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು.
ಅಪ್ಪನ ಗೊಂಚಲು ಹೇಗೆ ಸದ್ದು ಮಾಡುತ್ತಿತ್ತು
ಅಂತ ನೆನೆಸಿಕೊಂಡರೆ
ನಿನ್ನ ಹನ್ನೊಂದನೆಯದೇ ಬರುತ್ತದೆ, ಅಂದಳು.

ಹೇಳಿದ ಕನಸು ಫಲಿಸದು ಎಂಬುದು ಕೇಳಿದ್ದೆ.
ಕಟ್ಟಿದ ಕನಸು ಬಾಡಿಗೆಗೆ ಬಂದು
ಮನೆಯವರನ್ನೇ ಹೊರಹಾಕುತ್ತದೆಂದು
ಯಾರು ಹೇಳಿದ್ದರು?

ಅಂದೇ ಅಳಿಸಿದೆ. ಹನ್ನೊಂದನ್ನೂ.
ಅಪ್ಪನನ್ನು ತೆಗೆದಿಲ್ಲ. ಅವನಿನ್ನೂ
ಒಂದು ಮಹಡಿ ಮೇಲೆ ಹತ್ತುತ್ತಲೇ ಇದ್ದಾನೆ,
ಲೆಕ್ಕದ ಸಾಲುಗಳೊಳಗೆ ಮುಖವಿಲ್ಲದ ಒಂದು ಚುಕ್ಕೆ;
ಆಡುವವರು ನಿಂತರೆ ನಿಲ್ಲುತ್ತಾನೆ.
ಯಾಗೋದಾ ಬರೆದಳು: ಇಲ್ಲೊಂದು ಸದ್ದು ಬಿಟ್ಟುಹೋಗಿದೆ.
ಬೊಗ್ನಾ ಕೆಳಗೆ ಬರೆದಳು: ಹೌದು.

ಮಾರ್ಚ್ ಮುಗಿಯುತ್ತ ಬಂತು, ಕಿಟಕಿಯ ಹಿಮ ಕೆಸರಾಯಿತು.
ಮತ್ತೆ ಬಿತ್ತೇ ಎಂದು ನಾನು ಕೇಳುವುದಿಲ್ಲ.
ಗಿರಣಿಯ ಮೆಟ್ಟಿಲಲ್ಲಿ ಬೆಳಗಿನ ಹೊತ್ತು
ಅವಳ ಹೆಜ್ಜೆ ಒಂದು ಮಹಡಿ ಕೆಳಗೆ ಕೇಳಿದರೆ
ಜೇಬಿಗೆ ಕೈ ಹಾಕಿ ಗೊಂಚಲನ್ನು
ಮುಷ್ಟಿಯಲ್ಲಿ ಬಿಗಿಹಿಡಿದು ಹತ್ತುತ್ತೇನೆ,
ಹಲ್ಲುಗಳು ಅಂಗೈಗೆ ಚುಚ್ಚುವ ಹಾಗೆ.